ಕಂಪ್ಲಿಯ ನಡುಕ

ಇವತ್ತು ಹೇಳಿಬಿಡಬೇಕು ಎಂದು ಅಚ್ಯುತನಿಗೆ ಅನ್ನಿಸಿದ್ದು ಹಲ್ಲುಜ್ಜುವಾಗ. ಬಾಯಿ ಮುಕ್ಕಳಿಸುವ ಹೊತ್ತಿಗೆ, ಮುಂದಿನ ಗುರುವಾರ ಹೇಳಿದರಾಯಿತು ಎಂದೂ ಅನ್ನಿಸಿತು. ಉಗುಳಿದ ನೀರು ಎಂದಿನಂತೆ ಕೆಂಪಗಿತ್ತು. ಒಸಡಿನ ರಕ್ತವಲ್ಲ, ಅದಿರಿನ ಧೂಳು. ಸಂಡೂರಿನ ಗುಡ್ಡಗಳನ್ನು ಹೊತ್ತು ಹೋಗುವ ಲಾರಿಗಳು ಹೊಸಪೇಟೆಯವರ ಮೂಗು ಬಾಯಿಗಳಲ್ಲೂ ಒಂದಿಷ್ಟು ಇಳಿಸಿ ಹೋಗುತ್ತಿದ್ದವು. ಚೀನಾಕ್ಕೆ ಹೋಗಿ ಉಳಿದ ಗುಡ್ಡವೆಲ್ಲ ನಮ್ಮ ಹೊಟ್ಟೆಗೆ, ನಾವೆಲ್ಲ ಈಗ ಉಕ್ಕಿನ ಮನುಷ್ಯರು, ಎಂದು ಅವನು ಅಂಗಡಿಗೆ ಬಂದವರನ್ನು ನಗಿಸುವುದುಂಟು. ಕನ್ನಡಿಯೊಳಗಿನ ಮುಖಕ್ಕೆ ಬಸ್ ನಿಲ್ದಾಣದ ಧ್ವನಿವರ್ಧಕದ ಮೂಗಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ, ಸಂಡೂರಿನಿಂದ ಬರುವ ಗಾಡಿಯು ಇನ್ನೇನು ಬರಲಿದೆ" ಎಂದು ಹೇಳಿದ. ಒಳಗಿನಿಂದ ಹೆಂಡತಿ ವಿಜಯಲಕ್ಷ್ಮೀ, "ಇವತ್ತ ಗುರುವಾರ ಅಲ್ಲಾ, ಅದಕ್ಕ ಗಂಟಲು ಮುಂಜಾನೇನ ತೆರದದ" ಎಂದಳು.

ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ಹಾಕುತ್ತಾ ಅವಳು ಕೇಳಿದಳು: "ಆ ಡಬ್ಬಿ ಇನ್ನೂ ಆಗಿಲ್ಲೇನು?"

"ಯಾವ ಡಬ್ಬಿ?"

"ಅಯ್ಯ, ನಿಮ್ಮ ಅಂಗಡ್ಯಾಗ ಗಿಟಾರಿನ ಡಬ್ಬಿ ಎಷ್ಟವ? ಆ ಸಂಡೂರಿನಾಕೀದು. ಊರ ಮಂದಿ ಟೀವಿ ಎರಡ ದಿನದಾಗ ಕಟ್ಟಿ ಕಳಸ್ತೀರಿ. ಇದೊಂದಕ್ಕ ಮೂರ್ತಿ ಕೆತ್ತಿದಂಗ ಕೂತೀರಿ."

"ಹಳೇ ವಾಲ್ವಿನ ಮಾಲು. ಸಾಮಾನು ಸಿಗೂದಿಲ್ಲ."

"ಸಾಮಾನು ಸಿಗೂದಿಲ್ಲೋ, ನೀವು ಸಿಗೂದಿಲ್ಲೋ."

ಅಚ್ಯುತ ನಕ್ಕ. ಅವಳೂ ನಕ್ಕಳು, ಆದರೆ ಅವನು ನಕ್ಕು ಮುಗಿಸಿದ ಮೇಲೆ. ಬೇಡವೆಂದರೂ ಇನ್ನೊಂದು ಹಿಡಿ ಮಂಡಕ್ಕಿ ಹಾಕಿದಳು. ಆ ಹೆಚ್ಚಿನ ಹಿಡಿಯನ್ನು ಅವನು ತಟ್ಟೆಯ ಅಂಚಿಗೆ ಸರಿಸಿದ. ಇವಳಿಗೆ ಏನೋ ಗೊತ್ತು. ಆದರೆ ಗೊತ್ತಾಗುವುದಕ್ಕೆ ಏನಿದೆ? ಏನೂ ನಡೆದಿಲ್ಲ. ಸಂಡೂರಿನ ಶೈಲಜಾ ಗುರುವಾರ ಗುರುವಾರ ಬರುತ್ತಾಳೆ, ಸ್ಟೂಲಿನ ಮೇಲೆ ಕೂರುತ್ತಾಳೆ, ಕೇಳುತ್ತಾಳೆ, ಹೋಗುತ್ತಾಳೆ. ತಪ್ಪು ಮಾಡಿದವನಿಗೆ ತಪ್ಪೊಪ್ಪಿಕೊಳ್ಳುವ ಸುಖವಾದರೂ ಇರುತ್ತದೆ. ಅವನಿಗೆ ಅದೂ ಇರಲಿಲ್ಲ. ಅವನಲ್ಲಿದ್ದದ್ದು ಸೋಮವಾರದಿಂದ ಒಂದು ಸಣ್ಣ ಸುಳ್ಳು. ಸುಳ್ಳೂ ಅಲ್ಲ, ಹೇಳದೆ ಉಳಿಸಿಕೊಂಡ ಒಂದು ನಿಜ.

ಸ್ಟೇಷನ್ ರಸ್ತೆಯ ಅಂಗಡಿಯ ಬಾಗಿಲೆತ್ತಿದಾಗ ಆ ಪೆಟ್ಟಿಗೆ ಅವನನ್ನೇ ಕಾಯುತ್ತಿರುವಂತೆ ಮೇಜಿನ ಮೇಲೆ ಕೂತಿತ್ತು. ಸೂಟ್‌ಕೇಸಿನಷ್ಟು ದೊಡ್ಡ ಮರದ ಪೆಟ್ಟಿಗೆ, ಎದುರಿಗೆ ಬೂದು ಬಟ್ಟೆ, ಒಳಗೆ ಬೆಳಗಿದರೆ ಸಂಜೆಯ ಬಣ್ಣಕ್ಕೆ ತಿರುಗುವ ಗಾಜಿನ ವಾಲ್ವುಗಳು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವುದು ಅದರ ಕೆಲಸ. ಅದಲ್ಲದೆ ಇನ್ನೊಂದು ಬೆಡಗು: ಕಾಲಿನಡಿಯ ಗುಂಡಿ ಒತ್ತಿದರೆ ನೇರವಾಗಿ ಬರುತ್ತಿರುವ ಸ್ವರ ಗಾಳಿಗೆ ಸಿಕ್ಕ ದೀಪದಂತೆ ನಡುಗಬೇಕು. ಟ್ರೆಮೊಲೊ ಎಂದು ಅದರ ಮೈಮೇಲೆ ಬರೆದಿತ್ತು. ಮೊದಲ ಸಲ ಡ್ರೈವರ್ ಜಡೆಪ್ಪ ಅದನ್ನು ಹೊತ್ತು ತಂದಿಟ್ಟು, ಹಿಂದೆ ಶೈಲಜಾ ಬಂದು, ಇದು ತನ್ನ ತವರು ಕಂಪ್ಲಿಯದು, ನಡುಕ ನಿಂತುಹೋಗಿದೆ ಎಂದಾಗ ಅಚ್ಯುತ, "ಕಂಪ್ಲಿದು ಅಂತೀರಿ, ಕಂಪನ ಇಲ್ಲ ಅಂತೀರಿ, ಇದು ದೊಡ್ಡ ಕಂಪ್ಲೇಂಟ ಬಿಡ್ರಿ" ಎಂದಿದ್ದ. ಅವಳು ನಕ್ಕಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಲಾರಿ ಮಾಲೀಕರ ಹೆಂಡತಿಗೆ ಒಪ್ಪದ ಒಂದು ಹುಡುಗಿಯ ನಗು ತುಟಿಯ ಮೂಲೆಯಲ್ಲಿ ಬಂದು ಹೋಗಿತ್ತು. ತಡವಾಗಿ ಬಂದ ಆ ನಗುವನ್ನು ಅವನು ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದ.

ಕೆಲಸ ಕಷ್ಟದ್ದೇನಲ್ಲ. ಆ ನಡುಕವನ್ನು ಹುಟ್ಟಿಸುವುದು ಒಂದು ವಾಲ್ವು, ಅದರ ಬೆನ್ನಿಗೆ ಸಾಲಾಗಿ ನಿಂತ ಮೂರು ಸಣ್ಣ ಕೆಪಾಸಿಟರುಗಳು. ಮೂರೂ ಒಣಗಿ ಹೋಗಿದ್ದವು. ಹೊಸವು ಹಾಕಿದ, ಗುಂಡಿ ಒತ್ತಿದ, ಸ್ವರ ನಡುಗಿತು. ಅವಳಿಗೆ ಫೋನು ಮಾಡಿದ. ಗುರುವಾರ ಬಂದಳು, ಅವಳ ಗಂಡನಿಗೆ ಆ ದಿನ ಹೊಸಪೇಟೆಯ ಆಫೀಸಿನಲ್ಲಿ ಕೆಲಸ, ಅದು ಮುಗಿಯುವತನಕ ಅವಳಿಗೆ ಬಿಡುವು. ಪೆಟ್ಟಿಗೆಯ ಜೊತೆಗೇ ಬಂದಿದ್ದ, ಮಡಿಲಲ್ಲಿಟ್ಟು ಉಕ್ಕಿನ ತುಂಡಿನಿಂದ ಸವರಿ ನುಡಿಸುವ ಹವಾಯಿಯನ್ ಗಿಟಾರಿನ ಒಂದು ತಂತಿಯನ್ನು ಅಚ್ಯುತ ಮೀಟಿದ. ಅವಳು ಕಣ್ಣು ಮುಚ್ಚಿ ಕೇಳಿದಳು. "ಇದಲ್ಲ" ಎಂದಳು.

ಅಲ್ಲಿಂದ ಶುರುವಾದದ್ದು. ಒಂದು ವಾರ ನಡುಕವನ್ನು ನಿಧಾನ ಮಾಡಿದ, ಇದಲ್ಲ. ಇನ್ನೊಂದು ವಾರ ಆಳ ಮಾಡಿದ, ಇದಲ್ಲ. ವಾಲ್ವು ಬದಲಿಸಿದ, ಹಳೆಯ ರೇಡಿಯೋಗಳ ಹೊಟ್ಟೆಯಿಂದ ಅದೇ ಕಾಲದ ಕೆಪಾಸಿಟರು ಕಿತ್ತು ಹಾಕಿದ. "ಒತ್ತಿದ ಕೂಡ್ಲೆ ನಡಗಬಾರ್ದು ಆಚಾರ್ರೇ," ಎಂದಳು ಒಮ್ಮೆ, ಕೈಯನ್ನು ಗಾಳಿಯಲ್ಲಿ ತಡೆದು ಹಿಡಿದು. "ಚೂರು ತಡೀಬೇಕು. ಅಳು ಬಂದ್ರೂ ತಡಕೊಂಡು, ಆಮ್ಯಾಲೆ ಆಗದ ಬಿಟ್ಟಂಗ." ಆ ಅಂಗಡಿಯಲ್ಲಿ ಅಷ್ಟು ವರ್ಷ ಕೂತರೂ ಅವನ ಕೆಲಸವನ್ನು ಯಾರೂ ಹಾಗೆ ಕೇಳಿರಲಿಲ್ಲ. ಚಿತ್ರ ಬಂತಾ, ಬಂತು, ಹೊರಟರು. ಬಿಎಸ್ಸಿ ಓದಿ ಸ್ಕ್ರೂಡ್ರೈವರ್ ಹಿಡಿದವನಿಗೆ ಇದಲ್ಲ ಎನ್ನುವಷ್ಟು ಗಮನ ಯಾರು ಕೊಡುತ್ತಾರೆ? ಅವಳ ಇದಲ್ಲ ಎಂಬ ಮಾತಿನಲ್ಲಿ ಬೈಗುಳ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಇಬ್ಬರು ಒಂದೇ ವಸ್ತುವನ್ನು ತಡವುತ್ತಿರುವಾಗ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನಂತಿತ್ತು. ಗುರುವಾರದ ಹಿಂದಿನ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಸರಿಯಾಗಿಬಿಡಲಿ ಎಂದು ಕೈ ಕೆಲಸ ಮಾಡುತ್ತಿದ್ದರೆ, ಇವತ್ತೂ ಇದಲ್ಲ ಎನ್ನಲಿ ಎಂದು ಮನಸ್ಸು ಪಕ್ಕದಲ್ಲೇ ಕೂತಿರುತ್ತಿತ್ತು.

ಅವಳು ಹುಡುಕುತ್ತಿದ್ದ ದನಿಯನ್ನು ನುಡಿಸಿದವನು ಯಾರೆಂದು ಅವನು ಕೇಳಿರಲಿಲ್ಲ. ಕೇಳುವ ಬದಲು ಒಬ್ಬನನ್ನು ತಾನೇ ಮಾಡಿಕೊಂಡಿದ್ದ. ಹಣೆಯ ಮೇಲೆ ಕೂದಲು ಬಿಟ್ಟ, ಅಗಲ ಪ್ಯಾಂಟಿನ, ತುಂಗಭದ್ರೆಯ ದಂಡೆಯಲ್ಲಿ ಸಿಗರೇಟು ಸೇದುವ ಒಬ್ಬ ಕಂಪ್ಲಿಯ ತರುಣ. ಅವನಿಗೊಂದು ದನಿಯನ್ನೂ ಕೊಟ್ಟಿದ್ದ, ಸ್ವಲ್ಪ ಒಡಕು, ಸ್ವಲ್ಪ ಜಂಬ. ಅಂಗಡಿಯಲ್ಲಿ ಒಬ್ಬನೇ ಇರುವಾಗ ಆ ದನಿಯಲ್ಲಿ "ಶೈಲೂ, ಒಂದ್ ಹಾಡು ಬಾರಿಸ್ಲೇನ" ಎಂದು ತಾನೇ ಕೇಳಿ, ತನ್ನ ದನಿಗೇ ತಾನು ಹೊಟ್ಟೆಕಿಚ್ಚು ಪಡುತ್ತಿದ್ದ. ಊರಿನ ಪೊಲೀಸಪ್ಪನನ್ನು, ಮೈನ್ಸ್ ಮಾಲೀಕರನ್ನು, ಹಿಂದೆ ಸರಿಯುವ ಲಾರಿಯ ಕೊಂಯ್ ಕೊಂಯ್ ಸದ್ದನ್ನು ಕೂಡ ಥೇಟು ಮಾಡಿ ತೋರಿಸುವ ಬಾಯಿಗೆ ಈ ಒಬ್ಬನಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಸೋಮವಾರ ಆದದ್ದು ಇಷ್ಟೇ. ಪಕ್ಕದ ಟೀ ಅಂಗಡಿಯ ಮಾರೆಪ್ಪ ತನ್ನ ಫ್ರಿಜ್ಜಿನದು ಸುಟ್ಟಿತೆಂದು ಅಚ್ಯುತನ ಸ್ಟೆಬಿಲೈಸರನ್ನು ಒಂದು ದಿನದ ಮಟ್ಟಿಗೆ ಹೊತ್ತೊಯ್ದಿದ್ದ. ಈ ಸೀಮೆಯಲ್ಲಿ ಸ್ಟೆಬಿಲೈಸರ್ ಇಲ್ಲದೆ ಯಾರೂ ಏನನ್ನೂ ಹಚ್ಚುವುದಿಲ್ಲ. ಪಂಪ್‌ಸೆಟ್ಟು, ಕ್ರಷರು, ಗಿರಣಿಗಳೆಲ್ಲ ಹೀರಿ ಬಿಟ್ಟ ಕರೆಂಟನ್ನು ಅದು ಎತ್ತಿ ನಿಲ್ಲಿಸಬೇಕು. ಅಂದು ಸಂಜೆ ಪೆಟ್ಟಿಗೆಯನ್ನು ನೇರವಾಗಿ ಗೋಡೆಗೇ ಹಚ್ಚಿದ. ವೋಲ್ಟೇಜು ಬಿದ್ದು ಟ್ಯೂಬ್‌ಲೈಟು ಮಿಟುಕುತ್ತಿತ್ತು. ಸುಮ್ಮನೆ ತಂತಿ ಮೀಟಿ ಗುಂಡಿ ಒತ್ತಿದ. ಸ್ವರ ನಡುಗಲಿಲ್ಲ. ನಿಂತಿತು. ಅನುಮಾನಿಸಿತು. ಆಮೇಲೆ ತನಗೇ ನಾಚಿಕೆಯೆಂಬಂತೆ ಮೆಲ್ಲಗೆ ಕಂಪಿಸಿ, ತುಂಬಿ ಬಂತು. ಅಚ್ಯುತನ ಮುಂಗೈಯ ಕೂದಲು ನಿಂತವು. ವಾಲ್ವಿಗೆ ಶಕ್ತಿ ಸಾಲದೆ ನಡುಕ ಹತ್ತಿಕೊಳ್ಳಲು ಹೊತ್ತು ಹಿಡಿಯುತ್ತಿದೆ, ಅಷ್ಟೇ ಸಂಗತಿ. ಇಷ್ಟು ದಿನ ಅವನು ಸ್ಟೆಬಿಲೈಸರಿನ ಮುಳ್ಳನ್ನು ಸರಿಯಾದ ಗೆರೆಗೆ ನಿಲ್ಲಿಸಿ, ಆ ದನಿ ಎಲ್ಲಿದೆ ಎಂದು ಹುಡುಕಿದ್ದ. ಏರಿಸುವುದೊಂದೇ ಗೊತ್ತಿದ್ದ ಊರಿನಲ್ಲಿ ಇಳಿಸಿ ನೋಡಬೇಕೆಂದು ಯಾರಿಗೆ ಹೊಳೆಯಬೇಕು? ಸಿಕ್ಕಿಬಿದ್ದವನಂತೆ ಸ್ವಿಚ್ ಆರಿಸಿದ. ಇನ್ನು ಅವಳು ಬರುವುದಿಲ್ಲ ಎಂಬುದು ಮೊದಲು ಹೊಳೆದದ್ದು. ಇದು ಸಿಕ್ಕಿತು ಎಂಬ ಸಂತೋಷ ಆಮೇಲೆ, ತಡವಾಗಿ, ಅಷ್ಟೊಂದು ಜೋರಿಲ್ಲದೆ ಬಂತು. ನಿನ್ನೆ ಅವಳು ಫೋನು ಮಾಡಿ ಏನಾಯಿತು ಎಂದಾಗ, ನೋಡೋಣ ಬರ್ರಿ ಎಂದಿದ್ದ.

"ಏನ್ರಿ ಆಚಾರ್ರೇ, ಇವತ್ತ ಅಂಗಿ ಇಸ್ತ್ರಿ ಮಾಡೀರಿ?" ಮಾರೆಪ್ಪ ಟೀ ಗ್ಲಾಸು ಇಟ್ಟು ಹಲ್ಲು ಕಿರಿದ. "ಡಬ್ಬಿ ರಿಪೇರಿಗೆ ಅಂಗಿನೂ ರಿಪೇರಿನಾ?"

"ನಿನ್ನ ಟೀಗೆ ಸಕ್ಕರಿ ರಿಪೇರಿ ಮಾಡ್ಕೋ ಮೊದ್ಲು."

"ಸಂಡೂರು ಗಾಡಿ ತಿರುವಿನಾಗ ಐತ್ರಿ. ಲಾರಿ ಸಾಲಿನಾಗ ಸಿಕ್ಕಾಕ್ಕೊಂಡೈತಿ. ಅಷ್ಟ್ರಾಗ ಬೆವರು ವರಸ್ಕೊಳ್ರಿ."

ಅಚ್ಯುತ ಮಾರೆಪ್ಪನದೇ ದನಿಯಲ್ಲಿ ಮಾರೆಪ್ಪನಿಗೆ ಬೈದು ಕಳಿಸಿದ. ಅವನು ಹೋದ ಮೇಲೆ ನಿಜವಾಗಿಯೂ ಬೆವರು ಒರೆಸಿಕೊಂಡ, ಕರವಸ್ತ್ರ ಕೆಂಪಾಯಿತು.

ಶೈಲಜಾ ಬಂದು ಸ್ಟೂಲಿನ ಮೇಲೆ ಕೂತಳು. ಜಡೆಪ್ಪ ಹೊರಗೆ ಗಾಡಿಗೊರಗಿ ನಿಂತ. "ಬರ್ರಿ ಮೇಡಮ್ಮಾರ, ಕುಂದ್ರಿ" ಎಂದು ಅಚ್ಯುತ ಆಗಲೇ ಕೂತವಳಿಗೆ ಹೇಳಿದ.

"ಸಾಮಾನು ಬಂತೇನ್ರಿ?"

ಈಗ ಹೇಳಬೇಕು. ಬಾಯಿ ತೆರೆದ. ತೆರೆದ ಬಾಯಿಯಿಂದ ಬೆಂಗಳೂರಿನ ಬಿಡಿಭಾಗದ ಅಂಗಡಿಯ ಸೇಟು ಮಾತಾಡಿದ: "ನೆಕ್ಸ್ಟ್ ವೀಕ್ ಪಕ್ಕಾ ಸಾರ್, ಮಾಲು ಬರ್ತಾ ಇದೆ, ರೋಡಲ್ಲಿ ಇದೆ!" ಅದು ಸೇಟು ಹೇಳಿದ ಸುಳ್ಳು, ತನ್ನದಲ್ಲ ಎಂದು ಒಂದು ಕ್ಷಣ ಅವನಿಗೆ ಹಗುರಾಯಿತು.

ಅವಳು ನಗಲಿಲ್ಲ. ತಡವಾಗಿಯೂ ನಗಲಿಲ್ಲ. "ಬ್ಯಾಡ ಬಿಡ್ರಿ. ತರಸಬ್ಯಾಡ್ರಿ ಇನ್ನ."

"ಯಾಕ್ರಿ?"

"ಅಂಥಾ ದನಿ ಇರ್ಲೇ ಇಲ್ಲ ಅನ್ನಸ್ತೈತಿ. ನಮ್ಮನಿಯವ್ರು ಅಂತಾರ, ಸಣ್ಣಾಕಿದ್ದಾಗ ನೋಡಿದ್ದ ಕೆರಿ ದೊಡ್ಡಾಕಿ ಆಗಿ ಹೋಗಿ ನೋಡಿದ್ರ ಹೊಂಡ ಇರ್ತೈತಿ ಅಂತ. ಖರೆ ಇರಬೇಕು. ನಾನ ಏನೋ ಕಲ್ಪನಾ ಮಾಡ್ಕೊಂಡು ನಿಮ್ಮನ್ನ ಕುಣಿಸೀನಿ."

ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಅವನ ಬಾಯಿಂದ ಜಾರಿತು. "ಅದನ್ನ ಬಾರಿಸ್ತಿದ್ದವ್ರು... ಈಗ ಎಲ್ಲಿದಾರ್ರಿ?"

"ಯಾರು?"

"ಗಿಟಾರ್ ಬಾರಿಸ್ತಿದ್ದವ್ರು. ಕಂಪ್ಲಿಯೊಳಗ."

ಅವಳು ಅವನ ಮುಖವನ್ನೇ ನೋಡಿದಳು. "ನಾನ ರೀ."

ಕೂದಲು, ಅಗಲ ಪ್ಯಾಂಟು, ಸಿಗರೇಟು, ಒಡಕು ದನಿ ಎಲ್ಲವೂ ಅಚ್ಯುತನೊಳಗೆ ಸದ್ದಿಲ್ಲದೆ ಕುಸಿದವು. ನಾಚಿಕೆಯಾಯಿತು. ಒಂದು ಹೆಂಗಸು ಏನನ್ನಾದರೂ ಇಷ್ಟು ಹಂಬಲಿಸುತ್ತಾಳೆಂದರೆ ಅಲ್ಲೊಬ್ಬ ಗಂಡಸು ಇರಲೇಬೇಕೆಂದು ಅವನ ಬಿಎಸ್ಸಿ ಬುದ್ಧಿ ಒಂದು ಸಲವೂ ಅನುಮಾನಿಸದೆ ನಂಬಿತ್ತು. ಅವಳು ಗಿಟಾರನ್ನು ಮುಟ್ಟದೆ ದೂರ ಕೂರುತ್ತಿದ್ದುದನ್ನೂ ಅವನು ಆ ತರುಣನ ಲೆಕ್ಕಕ್ಕೇ ಬರೆದಿದ್ದ.

"ಚಿಕ್ಕಪ್ಪ ತಂದಿದ್ರು," ಅವಳು ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. "ಹಂಪ್ಯಾಗ ಒಬ್ಬ ಫಾರಿನ್ನವ ತನ್ನ ಊರಿಗೆ ಹೋಗೂ ಮುಂದ ಮಾರಿದ್ದ. ಅವ್ರಿಗೆ ನಾಕ ದಿನಕ್ಕ ಬ್ಯಾಸ್ರ ಆತು. ನಮ್ಮ ಅಕ್ಕಿ ಗಿರಣಿ ಹಿಂದ ತೌಡಿನ ಕೋಣಿ ಇತ್ತು, ಅಲ್ಲಿ ಒಗದ್ರು. ನಾ ಕಲ್ತೆ. ಅಪ್ಪಗ ಗೊತ್ತಾದ್ರ ಬಿಡ್ತಿದ್ರೇನು? ಅದಕ್ಕ ಗಿರಣಿ ಶುರುವಾದ ಮ್ಯಾಲೆ ಬಾರಿಸೂದು, ಗಿರಣಿ ನಿಂತ ಕೂಡ್ಲೆ ನಿಲ್ಲಸೂದು. ಆ ಗದ್ದಲದಾಗ ಯಾರಿಗೂ ಕೇಳ್ತಿರ್ಲಿಲ್ಲ. ನಾನೂ ಕಿವಿ ಈ ಬಟ್ಟಿಗೆ ಹಚ್ಚಿ ಕೇಳ್ತಿದ್ದೆ."

"ಮತ್ತ ಯಾರೂ ಕೇಳಿಲ್ಲಾ?"

"ಯಾರೂ ಇಲ್ರಿ. ಅದ ನೋಡ್ರಿ ತಾಪತ್ರಯ. ಲಗ್ನಾತು, ಸಂಡೂರಿಗೆ ಬಂದೆ, ಗಿರಣಿ ಕೆಡವಿದ್ರು, ಈಗಲ್ಲಿ ಲಾರಿ ನಿಲ್ತಾವ. ನಾ ಬಾರಿಸ್ತಿದ್ದೆ ಅಂದ್ರ ಮನ್ಯಾಗ ನಗ್ತಾರ. ಹೌದು ಅನ್ನಾಕ ಒಂದು ನರಪಿಳ್ಳಿ ಇಲ್ಲ. ಆ ದನಿ ಒಂದ ನನ್ನ ಕಡೆ ಇತ್ತು. ಅದ ಸುಳ್ಳಾತು ಅಂದ್ರ..." ಮಾತು ಬಿಟ್ಟು ಸೆರಗು ಸರಿಮಾಡಿಕೊಂಡಳು. ಆಮೇಲೆ ಬೇರೆಯೇ ದನಿಯಲ್ಲಿ, "ಆದ್ರ ಡಬ್ಬಿ ಇಲ್ಲೇ ಇರ್ಲಿ. ಗುರುವಾರ ಗುರುವಾರ ಬಂದು ಕುಂದುರ್ತೀನಿ. ನೀವು ಹೆಂಗ ಬಾರಿಸಿದ್ರೂ ಛಲೋನ. ಇಲ್ಲಿ ಕುಂತ್ರ ಒಂಥರಾ ಸಮಾಧಾನ."

ಬೇಡಿದ್ದು ಹೀಗೆ ಬಾಗಿಲಿಗೇ ಬಂದು ಬೀಳುತ್ತದೆಂದು ಅವನು ತಿಳಿದಿರಲಿಲ್ಲ. ಇನ್ನು ಸುಳ್ಳು ಹೇಳುವ ಅಗತ್ಯವೂ ಇಲ್ಲ. ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಎಲ್ಲಕ್ಕಿಂತ ಸುಲಭದ ಕೆಲಸ. ಎಷ್ಟೋ ಗುರುವಾರಗಳು ಒಂದರ ಹಿಂದೊಂದು ಸಾಲಾಗಿ ನಿಂತದ್ದು ಕಂಡಿತು. ಪ್ರತಿಯೊಂದರಲ್ಲೂ ಆ ಸ್ಟೂಲು, ಸ್ಟೂಲಿನ ಮೇಲೆ ಅವಳು. ಆದರೆ ಕಣ್ಣು ಮುಚ್ಚಿದ ಅವಳ ಮುಖ ಮಾತ್ರ ಕಾಣಲೊಲ್ಲದು. ಅಲ್ಲಿ ಕೂತವಳು ಹೊರಗಿನ ಲಾರಿ ನೋಡುತ್ತಾ, ಛಲೋ ಬಂತು ಆಚಾರ್ರೇ ಎಂದು ಟೀವಿ ರಿಪೇರಿಗೆ ಬಂದವರಂತೆ ಹೇಳುತ್ತಿದ್ದಳು. ಇದಲ್ಲ ಎನ್ನುವವಳು ಇನ್ನು ಬರುವುದಿಲ್ಲ. ಡಬ್ಬಿ ಹೋದರೆ ಹೇಗೂ ಬರುವುದಿಲ್ಲ. ಡಬ್ಬಿ ಉಳಿದರೆ, ಬಂದೂ ಬರುವುದಿಲ್ಲ.

"ನಿಮ್ಮ ಗಿರಣಿ ಮೋಟ್ರು ಹೆಂಗ ಶುರು ಆಗ್ತಿತ್ರಿ?" ಎಂದು ಕೇಳಿ, ತನಗೆ ತಿಳಿದಂತೆ ಗಂಟಲಿನಲ್ಲಿ ಒಂದು ಗಿರಣಿ ಶುರುಮಾಡಿದ. ಧಡ್, ಧಡ್, ಧಡಧಡ.

"ಇದಲ್ಲ," ಎಂದಳು ತಟ್ಟನೆ. ಹೇಳಿದ ಮೇಲೆ ಅವಳಿಗೇ ಬೆರಗಾಯಿತು. "ಅದು ಮೊದ್ಲು ನರಳತಿತ್ತು. ಊಂಂಂ ಅಂತ, ಎಮ್ಮಿ ಏಳೂ ಮುಂದ ನರಳತೈತಲ್ಲ, ಹಂಗ." ಮಾಡಿ ತೋರಿಸಿದಳು. ಹೊರಗೆ ಜಡೆಪ್ಪ ತಿರುಗಿ ನೋಡಿದ.

"ಆಗ ಕೋಣಿ ಬಲ್ಬು ಏನಾಗ್ತಿತ್ತು?"

"ಕೆಂಪಗಾಗಿ, ಆರಿ ಹೋದಂಗ..." ನಿಲ್ಲಿಸಿದಳು.

ಅಚ್ಯುತ ಎದ್ದು ಸ್ಟೆಬಿಲೈಸರನ್ನು ಮೇಜಿಗೆ ತಂದ, ಅದರ ತಗಡು ಬಿಚ್ಚಿದ. ಗಿರಣಿ ಕರೆಂಟು ಹೀರಿದಾಗಲೇ ಆ ದನಿ ಬರುತ್ತಿತ್ತು. ಈ ಹೊತ್ತಿಗೆ ಇಲ್ಲಿ ಕರೆಂಟು ಭರ್ತಿ ಇರುತ್ತದೆ, ತಾನೇ ಇಳಿಯುವುದಿಲ್ಲ; ಸಂಡೂರಿನ ಅವಳ ಮನೆಯಲ್ಲಂತೂ ಜನರೇಟರು, ಎಂದೂ ಇಳಿಯುವುದಿಲ್ಲ. ಒಳಗಿನ ಸುರುಳಿಯ ಎರಡು ತಂತಿ ಅದಲು ಬದಲು ಮಾಡಿದರೆ ಏರಿಸುವ ಯಂತ್ರ ಇಳಿಸುತ್ತದೆ. ಹೇಳುತ್ತಾ ಟಾರ್ಚನ್ನು ಅವಳ ಕೈಗೆ ಕೊಟ್ಟ. ಅವಳು ಬಗ್ಗಿ ಬೆಳಕು ಹಿಡಿದಳು. ಬೆಸುಗೆಯ ಹೊಗೆ ಇಬ್ಬರ ಮುಖಕ್ಕೂ ಒಟ್ಟಿಗೆ ಬಂತು.

"ಇದು ಯಾವಾಗ ಹೊಳೀತ್ರಿ ನಿಮಗ?"

ಈಗ, ಎನ್ನಬಹುದಿತ್ತು. ಈಗ ಎಂದರೆ ಅವನು ಜಾಣ. "ಸೋಮವಾರ" ಎಂದ. ಆ ದನಿ ಯಾರದೆಂದು ಅವನಿಗೇ ಒಂದು ಕ್ಷಣ ಗುರುತು ಸಿಗಲಿಲ್ಲ; ಸಾದಾ, ಸ್ವಲ್ಪ ಒಣಗಿದ, ಯಾರನ್ನೂ ಹೋಲದ ದನಿ.

ಟಾರ್ಚಿನ ಬೆಳಕು ಅಲುಗಿತು. "ನಿನ್ನಿ ಫೋನಿನ್ಯಾಗ ಹೇಳ್ಲಿಲ್ಲ?"

"ಇಲ್ರಿ."

"ಯಾಕ?"

"ಹೇಳಿದ್ರ ನೀವು ಒಯ್ತಿದ್ರಿ."

ತಲೆಯೆತ್ತಿ ನೋಡುವ ಧೈರ್ಯ ಅವನಿಗಿರಲಿಲ್ಲ. ಜಾರಿದ್ದ ಬೆಳಕು ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಬಂದು ಮತ್ತೆ ಆ ಎರಡು ತಂತಿಗಳ ಮೇಲೆ ಸರಿಯಾಗಿ ನಿಂತಿತು. ಅಷ್ಟು ನೆಟ್ಟಗೆ ಯಾರೂ ಅವನಿಗೆ ಟಾರ್ಚು ಹಿಡಿದಿರಲಿಲ್ಲ.

ಮುಳ್ಳು ಕೆಂಪು ಗೆರೆಗಿಂತ ಕೆಳಗೆ ಇಳಿದು ನಿಂತಾಗ ವಾಲ್ವುಗಳು ಮಂಕಾಗಿ ಬೆಳಗಿದವು. ಅಚ್ಯುತ ಗಿಟಾರನ್ನು ತಾನು ಎತ್ತಿಕೊಳ್ಳದೆ ಅವಳ ಮಡಿಲಿಗೆ ಇಟ್ಟ. ಅವಳು ಬಳೆಗಳನ್ನು ಮೊಣಕೈಯತ್ತ ಸರಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟು, ಚಪ್ಪಲಿ ಬಿಟ್ಟ ಕಾಲಿನಿಂದ ಗುಂಡಿಯನ್ನು ತಡಕಿದಳು. ಮೊದಲ ಸ್ವರ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು ಜಾರಿ ಬಂದು ತನ್ನ ಜಾಗದಲ್ಲಿ ನಿಂತಿತು; ಅವಳು ಒತ್ತಿದಳು. ಸ್ವರ ತಡೆಯಿತು. ರಸ್ತೆಯ ಲಾರಿಗಳೂ ತಡೆದಂತೆ ಅಚ್ಯುತನಿಗೆ ಅನ್ನಿಸಿತು. ಆಮೇಲೆ ಅದು ನಡುಗತೊಡಗಿತು. ಅವಳು ಬಾಗಿ ಬಾಗಿ, ಸಂಡೂರಿನ ಬಂಗಾರವೆಲ್ಲ ಜೋಲುವಂತೆ ಬಾಗಿ, ಕಿವಿಯನ್ನು ಆ ಬೂದು ಬಟ್ಟೆಗೆ ಹಚ್ಚಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹಾಡೇನೂ ಆಗಿರಲಿಲ್ಲ, ಮರೆತ ಬೆರಳುಗಳು ದಾರಿ ತಡವುತ್ತಿದ್ದ ನಾಲ್ಕೈದು ಸ್ವರಗಳು. ಅದನ್ನು ಅವಳ ನಂತರ ಕೇಳಿದ ಎರಡನೆಯ ಮನುಷ್ಯ ತಾನು ಎಂದು ಅವನಿಗೆ ತಿಳಿಯಿತು. ಕೇಳಿದೆ ಎಂದು ಯಾರಿಗೂ ಹೇಳಬೇಕೆನ್ನಿಸಲಿಲ್ಲ.

"ಇದ," ಎಂದಳು, ಬಟ್ಟೆಯೊಳಕ್ಕೆ.

ಗಂಡನ ಫೋನು ಬಂತು. "ಹ್ಞೂಂ ರೀ, ಆತು, ಬಂದೆ. ರಿಪೇರಿ ಆಗೇತಿ. ಇಲ್ರಿ, ಕಲ್ಪನಾ ಅಲ್ಲ, ಮನಿಗೆ ತಂದು ಕೇಳಸ್ತೀನಿ" ಎಂದು ಎದ್ದಳು. ಅವಳ ಕೆನ್ನೆಯ ಮೇಲೆ ಬಟ್ಟೆಯ ನೇಯ್ಗೆಯ ಅಚ್ಚು ಮೂಡಿತ್ತು. ಜಡೆಪ್ಪ ಪೆಟ್ಟಿಗೆಯನ್ನೂ ಗಿಟಾರನ್ನೂ ಹೊತ್ತ. ಅಚ್ಯುತ ಸ್ಟೆಬಿಲೈಸರಿಗೆ ತಗಡು ಮುಚ್ಚಿ, ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ಗಾಜಿನ ಮೇಲೆ ಬಣ್ಣದಿಂದ ಗೆರೆ ಎಳೆದು, ತಾನೇ ಗಾಡಿಯ ತನಕ ಒಯ್ದು ಅವಳ ಪಕ್ಕದ ಸೀಟಿನಲ್ಲಿಟ್ಟ. ಇದಕ್ಕೆ ಬೇರೆ ಏನನ್ನೂ ಹಚ್ಚಬೇಡಿ, ಈ ಡಬ್ಬಿಯೊಂದೇ, ಎಂದು ವಿವರಿಸಿದ. ಅವಳು ಕಲಿಯುವ ಹುಡುಗಿಯಂತೆ ತಲೆಯಾಡಿಸಿದಳು. ಜಡೆಪ್ಪ ಗಾಡಿ ಶುರುಮಾಡಿದ. ಗಾಜು ಅರ್ಧ ಏರಿದ್ದನ್ನು ಅವಳು ತಡೆದಳು.

"ಆಚಾರ್ರೇ, ಕೆಟ್ರ?"

ಅವಳ ಮುಖದಲ್ಲಿ ಕೇಳಬೇಕಾದ್ದನ್ನು ಕೇಳಿದ ಗೃಹಿಣಿಯ ಭಾವವಿತ್ತೋ, ಅವನಿಗಾಗಿ ತೆರೆದಿಟ್ಟ ಒಂದು ಸಣ್ಣ ಸಂದಿಯಿತ್ತೋ, ಧೂಳಿನಲ್ಲಿ ಸರಿಯಾಗಿ ಕಾಣಲಿಲ್ಲ. ಕೆಟ್ರ ತರ್ರಿ ಎಂದು ಯಾವ ಮೆಕ್ಯಾನಿಕ್ಕಾದರೂ ಹೇಳುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಎರಡು ಬೆಸುಗೆಗಳನ್ನು ಅವನು ಎರಡೆರಡು ಸಲ ಕಾಯಿಸಿ, ಎಳೆದು ನೋಡಿ, ತನ್ನ ಕೈ ಈವರೆಗೆ ಯಾವುದನ್ನೂ ಬೆಸೆಯದಷ್ಟು ಗಟ್ಟಿಯಾಗಿ ಬೆಸೆದಿದ್ದ.

"ಕೆಡೂದಿಲ್ರಿ" ಎಂದ.